ಪಹಣಿ ಎಲ್ಲಿರುತ್ತೆ? ಮುಟ್ಟಳ್ಳಿಯ ಮಳೆ ಮತ್ತು ಎರಡು ಸರ್ವರ್‌ಗಳ ಕಥೆ

2022ರ ಆಗಸ್ಟ್ 2 ನೆನಪಿದೆಯಾ? ಭಟ್ಕಳದಲ್ಲಿ ರಾತ್ರಿಯಿಡೀ ಮಳೆ ಹೊಯ್ದು ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿತ್ತು. ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಮನೆ ಮೇಲೆ ಬಿದ್ದು ನಾಲ್ವರು ತೀರಿಕೊಂಡರು. ಹೋದ ಜೀವಕ್ಕೆ ಬದಲಿ ಇಲ್ಲ. ಆದರೆ ಇಂಥ ದಿನ ಉಳಿದವರ ಜಾಗದ ದಾಖಲೆ ಎಲ್ಲಿರುತ್ತೆ ಅನ್ನೋ ಪ್ರಶ್ನೆ ನನ್ನನ್ನ ಬಿಡಲಿಲ್ಲ.

ಮೊದಲು ಅದು ಶಾನುಭೋಗರ, ಆಮೇಲೆ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿತ್ತು. ಗೆದ್ದಲು ಹಿಡಿದರೆ, ಮಾಡು ಸೋರಿದರೆ ಮುಗೀತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಹೋದವು. ಆಗ ಸರ್ವರ್ ಇದ್ದದ್ದು ಆಯಾ ತಾಲ್ಲೂಕು ಕಚೇರಿಯಲ್ಲೇ. ಬೆಂಗಳೂರಿನ ಲೈನ್ ಹೋದರೂ ಕೆಲಸ ನಡೆಯುತ್ತೆ. ಆ ಕೋಣೆಗೇ ನೀರು ನುಗ್ಗಿದರೆ ಕೊನೆಯ ಬ್ಯಾಕಪ್ಪೇ ಗತಿ. ಮುಂದೆ ಡೇಟಾ ಬೆಂಗಳೂರಿನ ಸ್ಟೇಟ್ ಡೇಟಾ ಸೆಂಟರ್ ಸೇರಿತು. ಈಗ ತಾಪತ್ರಯ ಉಲ್ಟಾ. ಅಮ್ಮನ ಜತೆ ಒಂದು ಕೌಂಟರ್ ಎದುರು ಅರ್ಧ ದಿನ ‘ಸರ್ವರ್ ಇಲ್ಲ’ ಅಂತ ಕೇಳಿಸಿಕೊಂಡು ವಾಪಸ್ ಬಂದವನು ನಾನು.

ಸರಿ, ಎರಡು ಊರಲ್ಲಿ ಎರಡು ಸರ್ವರ್ ಇಟ್ಟು ಒಂದೇ ಎಂಬಂತೆ ನಡೆಸಿದರೆ? ಇದಕ್ಕೆ ಕ್ಲಸ್ಟರ್ ಅಂತಾರೆ. ಅಮೆರಿಕದ ಡಿಜಿಟಲ್ ಕಂಪನಿ 1983ರಲ್ಲೇ ವ್ಯಾಕ್ಸ್‌ಕ್ಲಸ್ಟರ್ ತಂದಿತ್ತು. ಆಗ ಕೇಬಲ್ ಉದ್ದವೇ ಮಿತಿ, ಯಂತ್ರಗಳು ಒಂದೇ ಕಟ್ಟಡದಲ್ಲಿ. ಊರಿಂದೂರಿಗೆ ಹಬ್ಬಿದ್ದು ಆಮೇಲೆ.

ದೂರ ಹೆಚ್ಚಿದಂತೆ ಇನ್ನೊಂದು ಮಿತಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತೆ. ಎರಡೂ ಕಡೆ ಬರೆದ ಮೇಲೇ ‘ಆಯ್ತು’ ಅನ್ನಬೇಕು, ಸರ್ವರ್ 400 ಕಿ.ಮೀ. ಆಚೆ ಇದೆ ಅಂದರೆ ಪ್ರತಿ ಬರಹಕ್ಕೂ 4 ಮಿಲಿಸೆಕೆಂಡ್ ಕಾಯಬೇಕು. ಒಂದು ಪಹಣಿಗೆ ಅದು ಲೆಕ್ಕಕ್ಕೇ ಇಲ್ಲ. ಸಾವಿರ ಬರಹ ಸಾಲಾಗಿ ನಿಂತರೆ 4 ಸೆಕೆಂಡ್. ಕಾಯದೆ ಆಮೇಲೆ ಕಳಿಸೋಣ ಅಂದರೆ ವೇಗ ಸಿಗುತ್ತೆ, ಆದರೆ ಅನಾಹುತದ ಕ್ಷಣದ ಕೊನೇ ಬರಹಗಳು ಹೋಗಬಹುದು. ಅದರಲ್ಲಿ ಯಾರದೋ ಖಾತೆ ಬದಲಾವಣೆ ಇರುತ್ತೆ. ಹತ್ತಿರ ಇಟ್ಟರೆ? ಭಟ್ಕಳಕ್ಕೂ ಹೊನ್ನಾವರಕ್ಕೂ ಬರೋದು ಒಂದೇ ಮಳೆ ಮಾರಾಯ್ರೇ.

ನನಗೆ ಹೆಚ್ಚು ಭಯ ಹುಟ್ಟಿಸೋದು ಬೇರೆ. ನಡುವಿನ ಕೇಬಲ್ ಕಡಿದಾಗ ಎರಡೂ ಸರ್ವರ್‌ಗಳು ‘ಇನ್ನೊಬ್ಬ ಸತ್ತ’ ಅಂದುಕೊಂಡು ಬರೆಯುತ್ತಾ ಹೋದರೆ, ಒಂದೇ ಸರ್ವೆ ನಂಬರಿಗೆ ಇಬ್ಬರು ಮಾಲೀಕರು! ಅದಕ್ಕೇ ಮೂರನೇ ಜಾಗದಲ್ಲಿ ಒಂದು ಓಟು ಇಡ್ತಾರೆ. ಬಹುಮತ ಸಿಗದ ಕಡೆ ಯಂತ್ರ ಬೇಕಂತಲೇ ನಿಲ್ಲುತ್ತೆ. ಪಹಣಿಯ ಮಟ್ಟಿಗೆ ನನಗೆ ಅದೇ ಸರಿ ಅನ್ಸುತ್ತೆ. ಅರ್ಧ ದಿನ ಸಾಲಲ್ಲಿ ನಿಂತರೂ ಅಡ್ಡಿಲ್ಲ.