ಹುಟ್ಟಿದ ದಿನದ ತೂಕ: ಮಿಷನ್ ಆಸ್ಪತ್ರೆಯ ಸಕ್ಕರೆ ಕಾಯಿಲೆ ಅಧ್ಯಯನ

ನಮ್ಮ ಸಂಶೋಧನಾ ಘಟಕದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಆಸ್ಪತ್ರೆಯ ಸಂಭ್ರಮದ ಸಂಚಿಕೆಯ ಸಮಿತಿಯವರು ಕೇಳಿದ್ದಾರೆ. ಹೆರಿಗೆ ವಾರ್ಡಿನ ಹಳೆಯ ದಾದಿಯರಿಂದಲೇ ಶುರು ಮಾಡುವುದು ನ್ಯಾಯ.

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಆರಂಭವಾದದ್ದು 1906ರಲ್ಲಿ. 1934ರಿಂದ ಇಲ್ಲಿನ ದಾದಿಯರು ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕಕ್ಕೆ ಏರಿಸುತ್ತ ಬಂದರು. ತೂಕವೆಲ್ಲ ಪೌಂಡಿನ ಲೆಕ್ಕ. ಆ ಪುಟಗಳ ಕೈಬರಹ ಅಚ್ಚುಕಟ್ಟು; ಸಂಬಳಕ್ಕಷ್ಟೇ ದುಡಿಯುವವರದು ಹಾಗಿರುವುದಿಲ್ಲ.

ಗರ್ಭದಲ್ಲಿ ಪೋಷಣೆ ಸೊರಗಿದರೆ ದೊಡ್ಡವರಾದ ಮೇಲೆ ಹೃದ್ರೋಗ, ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ದಶಕಗಳ ನಂತರ ವಾದಿಸಿದರು. ಅವರ ಬಳಗದ ಡಾ. ಕ್ಯಾರೊಲೈನ್ ಫಾಲ್ ತೊಂಬತ್ತರ ದಶಕದಲ್ಲಿ ಆ ವಾದವನ್ನು ಒರೆಗೆ ಹಚ್ಚಲು ನಮ್ಮ ಪುಸ್ತಕಗಳನ್ನು ಕೈಗೆತ್ತಿಕೊಂಡರು. ಅವರ ವೃತ್ತಿಜೀವನದ ದೊಡ್ಡ ಪಾಲು ಅಲ್ಲಿಂದಾಚೆ ಮೈಸೂರಿನ ಜೊತೆ ಹೆಣೆದುಕೊಂಡಿತು.

ಪುಸ್ತಕದಲ್ಲಿದ್ದ ಮಗುವನ್ನು ಐವತ್ತರ ಪ್ರಾಯದಲ್ಲಿ ಹುಡುಕುವುದು ಹೇಗೆ? ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ಹತ್ತಿದೆವು. ‘ಮಿಷನ್ ಆಸ್ಪತ್ರೆಲಿ ಹುಟ್ಟಿದೋರು ಯಾರಾದ್ರೂ ಇದ್ದೀರಾಮ್ಮ?’ ಎಂದು ಕೇಳುವುದೇ ನನ್ನ ಕೆಲಸ. ಒಬ್ಬ ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಲೇ, ತನ್ನ ಮೊದಲ ಮಗ ಹುಟ್ಟಿದ್ದು ದಸರಾ ಕಳೆದ ಎಷ್ಟನೇ ದಿನ, ಆಗ ಯಾವ ಓಣಿಯಲ್ಲಿ ಬಾಡಿಗೆಗಿದ್ದೆವು, ಎಲ್ಲ ಹೇಳಿದರು. ಅಂಥ ನೆನಪಿನ ಬಲದಿಂದಲೇ ಎಷ್ಟೋ ದಾಖಲೆಗಳು ತಾಳೆಯಾದವು.

1934ರಿಂದ 1954ರೊಳಗೆ ಇಲ್ಲಿ ಹುಟ್ಟಿದ 517 ಜನರ ಮೇಲಿನ ಪ್ರಬಂಧ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹುಟ್ಟುವಾಗ ಐದೂವರೆ ಪೌಂಡಿಗಿಂತ ಹೆಚ್ಚಿಲ್ಲದವರಲ್ಲಿ ಹೃದ್ರೋಗ ಶೇ. 11, ಏಳು ಪೌಂಡು ಮೀರಿದವರಲ್ಲಿ ಶೇ. 3. ಆದರೆ ಸಕ್ಕರೆ ಕಾಯಿಲೆ ಬೇರೆಯೇ ದಾರಿ ಹಿಡಿದಿತ್ತು. 1998ರ ಪ್ರಬಂಧದ ಪ್ರಕಾರ ಅದು ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಬಾರ್ಕರ್ ವಾದದ ಬಗ್ಗೆ ಆಗ ವಿದ್ವಾಂಸರಲ್ಲಿ ಎರಡು ಮಾತಿತ್ತು. ಆ ಜಗ್ಗಾಟವನ್ನು ಸಂಭ್ರಮದ ಸಂಚಿಕೆಯಲ್ಲಿ ಕೆದಕುವುದು ಬೇಡ. ಮೈಸೂರು ತನಗೆ ಕಂಡದ್ದನ್ನು ಕಂಡಂತೆ ಹೇಳಿತು, ಅದೇ ನನಗೆ ಹೆಮ್ಮೆ.

ತೂಕ ಹೆಚ್ಚಿದ್ದ ಆ ತಾಯಂದಿರಿಗೆ ಬಸುರಿನಲ್ಲೇ ಸಕ್ಕರೆ ಏರಿತ್ತೇ? ಹಾಗಾದರೆ ಗರ್ಭಿಣಿಯ ರಕ್ತದ ಸಕ್ಕರೆಯನ್ನೇ ಏಕೆ ನೋಡಬಾರದು? 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನ ಮೊದಲಾಯಿತು. ಖಾಲಿ ಹೊಟ್ಟೆಯಲ್ಲಿ ಬಂದು, ಗ್ಲೂಕೋಸ್ ನೀರು ಕುಡಿದು, ಗಂಟೆಗಟ್ಟಲೆ ಕೂತು ಮತ್ತೆ ಮತ್ತೆ ರಕ್ತ ಕೊಡಬೇಕಿತ್ತು. ವಾಕರಿಕೆ ತಡೆದುಕೊಂಡು ಕೂತವರೂ ಇದ್ದರು. ಇವರಲ್ಲಿ ಶೇ. 43 ಮಂದಿಗೆ ಬಿ12 ಜೀವಸತ್ವದ ಕೊರತೆಯಿದ್ದದ್ದು ಆಮೇಲೆ ಗೊತ್ತಾಯಿತು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಮೈಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚಿದ್ದವು.

ಮುಂದಿನ ವರ್ಷಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಮ್ಮ ಘಟಕದ ಡಾ. ಕೃಷ್ಣವೇಣಿ, ಡಾ. ವೀಣಾ, ಡಾ. ಕುಮಾರನ್ ಕೆಲಸ ಮುಂದುವರಿಸಿದರು. ಮಕ್ಕಳು ಒಂಬತ್ತೂವರೆ ವರ್ಷಕ್ಕೆ, ಹದಿಮೂರೂವರೆ ವರ್ಷಕ್ಕೆ ಮತ್ತೆ ಬಂದರು, ಪ್ರಬಂಧಗಳು ಸಾಲುಸಾಲಾಗಿ ಹೊರಬಂದವು. ಪರೀಕ್ಷೆಯ ಬೆಳಿಗ್ಗೆ ಮಗುವಿಗೆ ತಿಂಡಿ ಕೊಡದೆ, ಅತ್ತರೆ ಸಮಾಧಾನ ಮಾಡುತ್ತ, ಕೂಲಿ ಬಿಟ್ಟು ಕರೆತಂದ ತಾಯಂದಿರ ಹೆಸರು ಆ ಪ್ರಬಂಧಗಳಲ್ಲಿ ಬರುವಂತಿಲ್ಲ, ಅದು ನಿಯಮ. ಅವರಿಗೆ ಇಲ್ಲಿಂದಲೇ ನನ್ನ ನಮಸ್ಕಾರ.