ಲೈಲಾ (ಧಾರಾವಾಹಿ)

'ಲೈಲಾ' ಆರು ಕಂತುಗಳ ಹಿಂದಿ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ. ಇದು 2019ರ ಜೂನ್ 14ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಪ್ರಯಾಗ್ ಅಕ್ಬರ್ ಅವರ ಇದೇ ಹೆಸರಿನ ಇಂಗ್ಲಿಷ್ ಕಾದಂಬರಿ (2017) ಇದಕ್ಕೆ ಆಧಾರ. ಊರ್ಮಿ ಜುವೇಕರ್ ಇದನ್ನು ಧಾರಾವಾಹಿಯಾಗಿ ರೂಪಿಸಿದರು. ದೀಪಾ ಮೆಹ್ತಾ, ಶಂಕರ್ ರಾಮನ್ ಹಾಗೂ ಕನ್ನಡದ ಪವನ್ ಕುಮಾರ್ ನಿರ್ದೇಶಿಸಿದರು.

ಕಥಾವಸ್ತು

ಕಥೆ ನಡೆಯುವುದು 2040ರ ದಶಕದ ಕೊನೆಯಲ್ಲಿ, 'ಆರ್ಯಾವರ್ತ' ಎಂಬ ಕಲ್ಪಿತ ರಾಷ್ಟ್ರದಲ್ಲಿ. ಅಲ್ಲಿ ಗಾಳಿ ಕಲುಷಿತ, ನೀರು ದುರ್ಲಭ. ಸಮುದಾಯಗಳನ್ನು ಎತ್ತರದ ಗೋಡೆಗಳು ಬೇರ್ಪಡಿಸಿವೆ. ಅನ್ಯಮತೀಯನನ್ನು ವರಿಸಿದ ಶಾಲಿನಿಯ (ಹುಮಾ ಖುರೇಷಿ) ಪತಿಯನ್ನು ಕೊಂದು, ಆಕೆಯನ್ನು 'ಶುದ್ಧೀಕರಣ'ದ ಕೇಂದ್ರಕ್ಕೆ ಒಯ್ಯಲಾಗುತ್ತದೆ. ಮಗಳು ಲೈಲಾ ಕಣ್ಮರೆಯಾಗುತ್ತಾಳೆ. ಮಗಳನ್ನು ಅರಸುವ ಶಾಲಿನಿಗೆ, ಕಾವಲುಗಾರನಂತೆ ತೋರುವ ಭಾನು (ಸಿದ್ಧಾರ್ಥ್) ಗುಪ್ತ ಬಂಡಾಯಗಾರರಲ್ಲಿ ಒಬ್ಬನೆಂಬುದು ತಿಳಿಯುತ್ತದೆ.

ವೈಶಿಷ್ಟ್ಯ

ಪ್ರಭುತ್ವದ ವಿರುದ್ಧದ ಬಂಡಾಯವು ವೈಜ್ಞಾನಿಕ ಕಥನದಲ್ಲಿ ಹೊಸದಲ್ಲ. ಬ್ರಿಟನ್ನಿನ ಬಿಬಿಸಿ ಪ್ರಸಾರ ಮಾಡಿದ 'ಬ್ಲೇಕ್ಸ್ ಸೆವೆನ್' (1978–81) ಧಾರಾವಾಹಿಯಲ್ಲಿ ತಪ್ಪಿಸಿಕೊಂಡ ಕೈದಿಗಳು ಅಂತರಿಕ್ಷ ನೌಕೆಯೊಂದನ್ನು ಹಿಡಿದು ದಬ್ಬಾಳಿಕೆಯ ಆಡಳಿತದೊಡನೆ ಹೋರಾಡುತ್ತಾರೆ. 'ಲೈಲಾ'ದಲ್ಲಿ ನೌಕೆಯೂ ಇಲ್ಲ, ಅನ್ಯಗ್ರಹವೂ ಇಲ್ಲ. ಇಲ್ಲಿನ ವಿಜ್ಞಾನ ನಮ್ಮ ಬದುಕಿಗೆ ತೀರ ಸಮೀಪದ್ದು. ಸಿರಿವಂತರ ವಸತಿಗೆ ತಂಪು ಗಾಳಿ ನೀಡುವ ಬೃಹತ್ ಗುಮ್ಮಟ 'ಸ್ಕೈಡೋಮ್', ತನ್ನ ಬಿಸಿಯನ್ನು ಹೊರಗಿನ ಬಡವರ ಮೇಲೆ ಉಗುಳುತ್ತದೆ.

ಎರಡನೆಯದಾಗಿ, ನಾಯಕಿ ತತ್ತ್ವನಿಷ್ಠೆಯಿಂದ ಬಂಡೆದ್ದವಳಲ್ಲ. ನೀರಿಗೆ ಹಾಹಾಕಾರವಿದ್ದಾಗಲೂ ಆಕೆಯ ಮನೆಯಲ್ಲಿ ಈಜುಕೊಳವಿತ್ತು. ಕೆಲಸದವಳನ್ನು ಇಟ್ಟುಕೊಂಡಿದ್ದ ಅದೇ ಶಾಲಿನಿ ಮುಂದೆ ಪರರ ಮನೆಯಲ್ಲಿ ಕೆಲಸದಾಳಾಗುತ್ತಾಳೆ. ಗೋಡೆಗಳು ಏಳುತ್ತಿದ್ದಾಗ ಸುಖವಾಗಿದ್ದವರ ಹೊಣೆಯೇನು ಎಂಬ ಪ್ರಶ್ನೆಯನ್ನು ಧಾರಾವಾಹಿ ಹೀಗೆ ಎತ್ತುತ್ತದೆ. ಇದರಿಂದಾಗಿ ಬಂಡಾಯವು ಹೊರಗಿನ ಶತ್ರುವಿನೊಡನೆ ನಡೆಯುವ ಕದನವಷ್ಟೇ ಆಗಿ ಉಳಿಯದೆ ಆತ್ಮಶೋಧನೆಯೂ ಆಗುತ್ತದೆ.

ಕಾದಂಬರಿಯಲ್ಲಿ ನಗರಕ್ಕೆ ಹೆಸರಿಲ್ಲ. ಹುಡುಕಾಟ ಹದಿನಾರು ವರ್ಷಗಳಷ್ಟು ದೀರ್ಘವಾದುದು. ಧಾರಾವಾಹಿ ಈ ಅವಧಿಯನ್ನು ಮೊಟಕುಗೊಳಿಸಿದೆ.

ಕನ್ನಡದ ನಂಟು

ಪವನ್ ಕುಮಾರ್ 'ಲೈಫು ಇಷ್ಟೇನೇ' (2011), ಪ್ರೇಕ್ಷಕರಿಂದಲೇ ಬಂಡವಾಳ ಸಂಗ್ರಹಿಸಿ ತಯಾರಿಸಿದ 'ಲೂಸಿಯಾ' (2013) ಹಾಗೂ 'ಯು ಟರ್ನ್' (2016) ಚಿತ್ರಗಳ ನಿರ್ದೇಶಕರು. ಕನಸು ಮತ್ತು ವಾಸ್ತವಗಳ ಗಡಿಯನ್ನು ಕೆದಕಿದ 'ಲೂಸಿಯಾ' ಕನ್ನಡದಲ್ಲಿ ಇಂತಹ ಕಥನಕ್ಕೆ ಪ್ರೇಕ್ಷಕರಿದ್ದಾರೆಂಬುದನ್ನು ತೋರಿಸಿತ್ತು.

ಪ್ರತಿಕ್ರಿಯೆ

ವಿಮರ್ಶಕರು ಇದನ್ನು ಮಾರ್ಗರೆಟ್ ಅಟ್‌ವುಡ್ ಅವರ ಕಾದಂಬರಿಯನ್ನು ಆಧರಿಸಿದ 'ದ ಹ್ಯಾಂಡ್‌ಮೇಡ್ಸ್ ಟೇಲ್' ಧಾರಾವಾಹಿಯೊಂದಿಗೆ ಹೋಲಿಸಿದರು. ಇದು ಹಿಂದೂ ಧರ್ಮವನ್ನು ಕೆಟ್ಟದಾಗಿ ಚಿತ್ರಿಸುತ್ತದೆಂಬ ಆಕ್ಷೇಪವೂ, ಸರ್ವಾಧಿಕಾರದ ವಿರುದ್ಧದ ಎಚ್ಚರಿಕೆಯೆಂಬ ಸಮರ್ಥನೆಯೂ ಕೇಳಿಬಂದವು. ಕೊನೆಯ ಕಂತು ಕಥೆಯನ್ನು ಪೂರ್ಣಗೊಳಿಸದೆ ನಿಲ್ಲುತ್ತದೆ.