ಆಟ ನಿಲ್ಲಿಸುವವರು ಯಾರು

ತೊಂಬತ್ತರ ದಶಕದ ಕೊನೆಗೆ ತುಮಕೂರಿನಲ್ಲಿ ನಾನು ವಿಡಿಯೋ ಗೇಮ್ ಅಂಗಡಿ ಇಟ್ಟೆ. ನಾಲ್ಕು ಪೋರ್ಟಬಲ್ ಟಿವಿ, ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಯಂತ್ರದ ಅಗ್ಗದ ನಕಲುಗಳು, ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ಟು. ಅರ್ಧ ಗಂಟೆಗೆ ಐದು ರೂಪಾಯಿ. ಕಾಂಟ್ರಾ ಆಡುವವರದು ಒಂದೇ ಗಲಾಟೆ, ಮಾರಿಯೋ ಆಡುವವರು ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು.

ಮಾರಿಯೋದಲ್ಲಿ ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ. ಶುರುವಿಗೆ ಮೂರು ಜೀವ. ಅವು ಮುಗಿದರೆ ಸಾಮಾನ್ಯವಾಗಿ ಮತ್ತೆ ಮೊದಲಿಂದ. ರಾಜಕುಮಾರಿ ಸಿಕ್ಕರೆ ಆಟವೇ ಮುಗಿಯಿತು. ಆಟ ಮುಗಿಯದಿದ್ದರೂ ಕಾಸು ಮುಗಿಯುತ್ತಿತ್ತು, ಕರೆಂಟು ಹೋಗುತ್ತಿತ್ತು. “ಅಣ್ಣಾ, ನಮ್ ಹುಡುಗ ಇಲ್ಲೇನಾದ್ರೂ ಅವ್ನಾ?” ಎಂದು ತಾಯಂದಿರು ಬಾಗಿಲಿಗೇ ಬರುತ್ತಿದ್ದರು. ರಾತ್ರಿ ಒಂಬತ್ತಕ್ಕೆ ನಾನು ಶಟರ್ ಎಳೆಯುತ್ತಿದ್ದೆ. ಸಂಕ್ರಾಂತಿ ಕಳೆದರೆ ಎಸ್ಸೆಸ್ಸೆಲ್ಸಿಯವರು ಈ ಕಡೆ ತಲೆ ಹಾಕುತ್ತಿರಲಿಲ್ಲ. ಆಟ ಬಿಡಲು ಅವರು ಶಪಥ ಮಾಡಬೇಕಿರಲಿಲ್ಲ, ಊರೇ ಬಿಡಿಸುತ್ತಿತ್ತು.

ಆಮೇಲೆ ಸೈಬರ್ ಕೆಫೆಗಳು ಬಂದವು, ನನ್ನದು ಝೆರಾಕ್ಸ್ ಅಂಗಡಿಯಾಯಿತು. ಹೊಸ ಆಟಗಳಿಗೆ ಮಾರಿಯೋದಂಥ ಕೊನೆಯಿರಲಿಲ್ಲ: 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾಗೆ ಇವತ್ತಿಗೂ ಹೊಸ ಹಂತಗಳು ಸೇರುತ್ತಲೇ ಇವೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್‌ಜಿ ಫೋನಿಗೇ ಇಳಿಯಿತು. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ಅದನ್ನು ನಿಷೇಧಿಸಿತು. ಮರುವರ್ಷ ಬೇರೆ ಹೆಸರಿನಲ್ಲಿ ಹಾಜರ್.

ನಾನು ಶಟರ್ ಎಳೆದು ಮಾಡುತ್ತಿದ್ದ ಕೆಲಸವನ್ನು ದೊಡ್ಡ ದೊಡ್ಡ ಸರ್ಕಾರಗಳೂ ಮಾಡಿ ನೋಡಿದವು. ದಕ್ಷಿಣ ಕೊರಿಯಾದಲ್ಲಿ 2011ರಿಂದ ಹದಿನಾರರ ಒಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಬಂದ್. ಮಕ್ಕಳು ಅಪ್ಪ-ಅಮ್ಮನ ಗುರುತಿನ ಸಂಖ್ಯೆ ಹಾಕಿ ಒಳಗೆ ಹೋದರು. 2022ರ ಜನವರಿಗೆ ಆ ಕಾನೂನೇ ಹೋಯಿತು. ಚೀನಾ 2021ರಲ್ಲಿ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಆನ್‌ಲೈನ್ ಆಟ ಎಂದು ಗೆರೆ ಎಳೆಯಿತು. ದೂರದಲ್ಲಿ ಕೂತು ಹಾಕುವ ಬೀಗದಲ್ಲಿ ನನಗೆ ನಂಬಿಕೆಯಿಲ್ಲ. ಬಾಗಿಲಿಗೆ ಬಂದ ತಾಯಿಗೆ ಮಗನ ಮುಖ ಗೊತ್ತಿತ್ತು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಆಟ, ಫೋನು ಬಿಡಲಾಗದವರಿಗಾಗಿ ‘ಶಟ್’ ಕ್ಲಿನಿಕ್ ತೆರೆಯಿತು. ಆಟದ ಮೇಲೆ ಹಿಡಿತ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು: ಇವು ಕೂಡಿದರೆ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಪಟ್ಟಿ ಹೇಳುತ್ತದೆ. ನನಗೆ ಸಿಗುವ ಹುಡುಗರಲ್ಲಿ ಹೆಚ್ಚಿನವರು ಅಷ್ಟು ದೂರ ಹೋದವರಲ್ಲ. ಬಿಡಬೇಕೆನ್ನುತ್ತಾರೆ, ಬಿಟ್ಟ ಹೊತ್ತಿಗೆ ಎಲ್ಲಿ ಹೋಗಬೇಕೆಂದು ತಿಳಿಯದೆ ಮತ್ತೆ ಫೋನಿಗೇ ಬರುತ್ತಾರೆ.

ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಆಟ ಅಳಿಸಿದ, ಮತ್ತೆ ಹಾಕಿಕೊಂಡ, ಮತ್ತೆ ಅಳಿಸಿದ. ಕೊನೆಗೆ ಒಂದು ಸಂಜೆ ನನ್ನ ಕೌಂಟರಿಗೆ ಬಂದು, “ಅಂಕಲ್, ಲೈಬ್ರರಿ ಮುಚ್ಚೋವರೆಗೂ ಫೋನು ನಿಮ್ಮತ್ರ ಇರ್ಲಿ” ಎಂದ. ಈಗ ದಿನಾ ಇಟ್ಟು ಹೋಗುತ್ತಾನೆ. ಅವನ ಜೊತೆಯ ಇನ್ನಿಬ್ಬರೂ ಕೇಳಿದ್ದಾರೆ, ಗಲ್ಲಾಪೆಟ್ಟಿಗೆಯ ಒಂದು ಖಾನೆ ಅವರಿಗೆಂದೇ ಖಾಲಿ ಮಾಡಿದ್ದೇನೆ.